ಎರಡು ಬಟನ್, ಮೂರು ಸೆಕೆಂಡು

ಬುಧವಾರ, ಮಧ್ಯಾಹ್ನ
ನಮ್ಮ ಹೊಲಿಗೆ ಅಂಗಡಿಯಿಂದ

ನನ್ನ ಬಂಗಾರಿ,

ಇದು ನಿನ್ನ ಕಿವಿಗೆ ಬೀಳುತ್ತಿದೆ ಎಂದರೆ ನೀನು ಆ ಎರಡು ಬಟನ್ ಒತ್ತಿದ್ದೀಯ ಎಂದರ್ಥ. ಒತ್ತಿರುವುದಿಲ್ಲ, ನನಗೆ ಗೊತ್ತು. ಹಟದಲ್ಲಿ ನೀನು ನನ್ನ ಮಗಳೇ. ಕಾಗದದಲ್ಲಿ ಬರೆದರೆ ಬೇರೆ ಯಾರಾದರೂ ಓದಿ ಹೇಳಬೇಕು, ಈ ಮಾತು ಅಳಿಯಂದಿರ ಬಾಯಿಂದ ನಿನಗೆ ತಲುಪಬಾರದು. ಅದಕ್ಕೇ ಒಂದೇ ಬೆರಳಿನಲ್ಲಿ ಅಕ್ಷರ ಹುಡುಕುತ್ತ ಫೋನಿನಲ್ಲೇ ಕುಟ್ಟುತ್ತಿದ್ದೇನೆ. ನಿನ್ನ ಮಗಳು ಪುಟ್ಟಿ ಪಕ್ಕದಲ್ಲಿದ್ದರೆ ಮೊದಲು ಇಯರ್‌ಫೋನ್ ಸಿಕ್ಕಿಸಿಕೋ. ಫೋನಿನೊಳಗಿನ ಆ ಹೆಂಗಸಿಗೆ ಗುಟ್ಟು ಎಂಬುದೇ ಗೊತ್ತಿಲ್ಲ.

ಗೊತ್ತಿಲ್ಲ ಎಂದು ಸುಮ್ಮನೆ ಹೇಳುತ್ತಿಲ್ಲ. ಮೊಬೈಲ್ ರಿಪೇರಿಯವನು ಫೋನಿನಲ್ಲಿ ಬರೆದಿದ್ದನ್ನೆಲ್ಲ ಓದಿ ಹೇಳುವ ಆ ದನಿಯನ್ನು ಮೊದಲು ನನ್ನ ಫೋನಿಗೇ ಹಾಕಿ ಕಲಿಸಿದ. ಸೌಂಡ್ ಹೆಚ್ಚು ಮಾಡುವುದು, ಕಡಿಮೆ ಮಾಡುವುದು, ಎರಡೂ ಬಟನ್ ಒಟ್ಟಿಗೆ ಮೂರು ಸೆಕೆಂಡು ಒತ್ತಿ ಹಿಡಿದರೆ ಅವಳು ಮಾತಾಡಲು ಶುರು ಮಾಡುತ್ತಾಳೆ. ಒಮ್ಮೆ ಮುಟ್ಟಿದರೆ ಅಲ್ಲಿ ಏನಿದೆ ಎಂದು ಹೇಳುತ್ತಾಳೆ, ಎರಡು ಸಲ ತಟ್ಟಿದರೆ ತೆರೆಯುತ್ತಾಳೆ. ಬಸ್ಸಿನಲ್ಲಿ ನನಗೆ ಅವಳ ಬಾಯಿ ಮುಚ್ಚಿಸಲು ಬರದೆ, ಮಂಡಿನೋವಿನ ಮುಲಾಮಿನ ಜಾಹೀರಾತನ್ನು ಇಡೀ ಬಸ್ಸಿಗೆ ಓದಿ ಹೇಳಿದಳು. ಭಾನುವಾರ ಇದನ್ನು ಹೇಳಿ ನಿನ್ನನ್ನು ನಗಿಸಬೇಕು ಎಂದುಕೊಂಡೇ ನಿಮ್ಮ ಮನೆಗೆ ಬಂದಿದ್ದೆ. ನಿನ್ನ ಫೋನಿನಲ್ಲೂ ಎಲ್ಲ ಸರಿಮಾಡಿಟ್ಟೆ. ನಿನ್ನ ಬೆರಳು ಹಿಡಿದು ಬಟನ್ ಮೇಲೆ ಇಟ್ಟಾಗ ನೀನು ಕೈ ಕೊಡವಿಕೊಂಡೆ. "ನಂಗಿನ್ನೂ ಕಾಣುತ್ತಮ್ಮ. ನೀನ್ಯಾಕೆ ಈಗಲೇ ನನ್ನ ಕುರುಡಿ ಮಾಡ್ತೀಯ?" ಎಂದು ಫೋನನ್ನು ಹಾಸಿಗೆ ಮೇಲೆ ಎಸೆದೆ.

ಎಷ್ಟು ಕಾಣುತ್ತದೆ ಎಂದು ನಿನಗಿಂತ ನನಗೆ ಚೆನ್ನಾಗಿ ಗೊತ್ತು. ಅದನ್ನು ಹೇಳಲೆಂದೇ ಈ ಪತ್ರ.

ನಾನು ಜ್ವರದಲ್ಲಿ ಮಲಗಿ ಅಂಗಡಿಗೆ ಬರದ ಆ ಎರಡು ದಿನದಲ್ಲಿ ಇದ್ದಕ್ಕಿದ್ದಂತೆ ನಿನ್ನ ಕಣ್ಣು ಹೋಯಿತು ಎಂದು ನೀನು ನಂಬಿದ್ದೀಯ. ಕೋಟಿನ ಗಿರಾಕಿ ಬಂದು ಕಪ್ಪು ಬಟ್ಟೆಗೆ ಕೆಂಪು ದಾರ, ತೋಳಿನ ಬಾಯಿ ಸೇರಿಸಿ ಹೊಲಿದಿದ್ದೀರಿ, ಕೈಯೇ ತೂರುವುದಿಲ್ಲ ಎಂದು ಕೂಗಾಡಿದನಲ್ಲ. ಅಂಥ ಹೊಲಿಗೆ ಅದು ಮೊದಲನೆಯದಲ್ಲ ಮಗಳೇ. ಎರಡು ವರ್ಷದಿಂದ ನೀನು ಹೊಲಿದು ಮಡಿಸಿಟ್ಟಿದ್ದನ್ನು ಬೆಳಗ್ಗೆ ನೀನು ಬರುವ ಮುಂಚೆ ಬಿಚ್ಚಿ, ನಾನೇ ಮತ್ತೆ ಹೊಲಿಯುತ್ತಿದ್ದೆ. ಮೊದಮೊದಲು ವಾರಕ್ಕೊಂದು, ಕೊನೆಗೆ ದಿನಕ್ಕೆ ನಾಲ್ಕು. ದಾರದ ಉಂಡೆಗಳನ್ನು ಬಣ್ಣದ ವರಸೆಯಲ್ಲಿ ಜೋಡಿಸಿ, ನೀನು ಎಣಿಸಿ ತೆಗೆಯುವಂತೆ ಮಾಡಿದವಳೂ ನಾನೇ. ಗಿರಾಕಿಗಳು ನಿನ್ನ ಕೈಗೆಲಸ ಹೊಗಳಿದಾಗ ನಿನ್ನ ಮುಖ ಅರಳುತ್ತಿತ್ತು. ಅದನ್ನು ಕಸಿದುಕೊಳ್ಳಲು ನನಗೆ ಮನಸ್ಸು ಬರಲಿಲ್ಲ.

ಕೋಟಿನ ಗಲಾಟೆ ಆದ ಮೇಲೆ ನಿನ್ನ ಕಣ್ಣು ತೋರಿಸಿದಾಗ ಡಾಕ್ಟರ್ ಏನೆಂದರು? ಮೊದಲೇ ಬಂದಿದ್ದರೂ ತಡೆಯಲು ಆಗುತ್ತಿರಲಿಲ್ಲ, ಆದರೆ ಇನ್ನೂ ಕಾಣುತ್ತಿರುವಾಗಲೇ ಕಾಣದೆ ಬದುಕುವುದನ್ನು ಕಲಿಯಬಹುದಿತ್ತು ಎಂದರು. ಆ ಎರಡು ವರ್ಷ ನಿನ್ನದು. ಅದನ್ನು ತಿಂದವಳು ನಾನು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ, ನಮ್ಮಲ್ಲಿ ಮಾಡಿದವಳು ಒಬ್ಬಳು, ಉಣ್ಣುತ್ತಿರುವವಳು ಇನ್ನೊಬ್ಬಳು.

ನಿಮ್ಮ ಕುಟುಂಬದಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತೆ ಎಂದೂ ಅವರು ಕೇಳಿದರು. ನಿನ್ನ ಪಕ್ಕದಲ್ಲೇ ಕೂತು ಇಲ್ಲ ಎಂದೆ. ಆಗಿತ್ತು. ನಿನ್ನ ಸೋದರಮಾವನ ಕಣ್ಣು ನಾವು ಹೇಳುತ್ತ ಬಂದಂತೆ ಜ್ವರದಿಂದ ಹೋಗಿದ್ದಲ್ಲ. ಇಪ್ಪತ್ತು ದಾಟಿದ ಮೇಲೆ ಅಂಚಿನಿಂದ ಒಳಕ್ಕೆ ಕತ್ತಲಾಗುತ್ತ ಬಂದು, ಮೂವತ್ತೈದಕ್ಕೆ ಪೂರ್ತಿ ಹೋಯಿತು. ನನ್ನ ಮದುವೆ ಮಾತುಕತೆಯಲ್ಲಿ ಮನೆಯವರು ಜ್ವರ ಎಂದರು, ನಾನೂ ಹೂಂಗುಟ್ಟಿದೆ. ಆಮೇಲೆ ನಿಜ ಹೇಳುವುದಕ್ಕೆ ಒಳ್ಳೆಯ ದಿನ ಎಂಬುದೇ ಬರಲಿಲ್ಲ. ನೀನು ಒಂಬತ್ತು ವರ್ಷದವಳಿದ್ದಾಗ ಮುಸ್ಸಂಜೆಯಲ್ಲಿ ಗೋಡೆ ತಡವುತ್ತ ನಡೆಯುತ್ತಿದ್ದೆ. ನಾನು ನಿನ್ನನ್ನು ಮಂಕು ಎಂದು ಬೈದೆ. ಬೈದರೆ ಅದು ರೋಗವಾಗಿರದೆ ಬರೀ ನಿನ್ನ ಸ್ವಭಾವವಾಗಿರುತ್ತದೆ ಎಂಬ ಆಸೆ ನನಗೆ.

ಕೋಟಿನ ಗಿರಾಕಿ ಕೂಗಾಡಿದ ದಿನದಿಂದ ನೀನು ಅಂಗಡಿಗೆ ಬಂದಿಲ್ಲ. ನಿನ್ನ ಮಿಷಿನ್ ಮೇಲೆ ಬಟ್ಟೆ ಹೊದಿಸಿದ್ದೇನೆ. ದಾರದ ಉಂಡೆಗಳು ಅದೇ ವರಸೆಯಲ್ಲಿವೆ, ನಾನೂ ಈಗ ಎಣಿಸಿಯೇ ತೆಗೆಯುತ್ತೇನೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಇಷ್ಟೆಲ್ಲ ಬರೆಯುವ ಧೈರ್ಯ ಎಲ್ಲಿಂದ ಬಂತು ಎಂದು ಕೇಳಿದರೆ, ನೀನು ಆ ಬಟನ್ ಒತ್ತುವುದಿಲ್ಲ ಎಂಬ ನಂಬಿಕೆಯಿಂದ. ನಿನ್ನ ಅಮ್ಮ ಎಂಥವಳು ಎಂದು ಇದೊಂದೇ ಸಾಕು ತಿಳಿಯಲು. ಆದರೂ ಒತ್ತು ಕಂದ. ನನ್ನನ್ನು ಬೈಯುವುದಕ್ಕಾದರೂ ಒತ್ತು.

ನಿನ್ನ ಹೊಲಿಗೆ ಬಿಚ್ಚಿದವಳು,
ಅಮ್ಮ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಭಾನುವಾರ ನೀನು ಸಿಟ್ಟಿನಿಂದ ಒಳಗೆ ಹೋದ ಮೇಲೆ ಪುಟ್ಟಿ ನನ್ನನ್ನು ಕೆಳಗಿನವರೆಗೆ ಬಿಡಲು ಬಂದಳು. ಮೆಟ್ಟಿಲ ಹತ್ತಿರದ ಬಲ್ಬು ಹೋಗಿತ್ತು, ಹೊರಗೆ ಇನ್ನೂ ಸ್ವಲ್ಪ ಬೆಳಕಿತ್ತು. ಅವಳು ಗೋಡೆಗೆ ಅಂಗೈ ಒತ್ತಿಕೊಂಡು, ಒಂದೊಂದು ಮೆಟ್ಟಿಲನ್ನೂ ಕಾಲಿನಿಂದ ತಡವಿ ನೋಡಿ ಇಳಿದಳು. ನನಗೆ ಎಲ್ಲ ಮೆಟ್ಟಿಲೂ ಕಾಣುತ್ತಿದ್ದವು. "ಎಂಥ ಮಂಕೇ ನೀನು" ಎಂದೆ, ಅವಳು ನಕ್ಕಳು. ಇದನ್ನು ನಿನ್ನ ಎದುರಿಗೇ ಹೇಳಬೇಕೆಂದು ಸೋಮವಾರವೂ ಮಂಗಳವಾರವೂ ನಿಮ್ಮ ಬೀದಿಯ ತಿರುವಿನವರೆಗೆ ಬಂದು, ವಾಪಸು ಹೋಗಿದ್ದೇನೆ.