ಪಾತ್ರೆಯ ಸದ್ದಿಗೆ ಈಗ ನಾಯಿಗಳು ಬರುವುದಿಲ್ಲ

ಪಟ್ಟಣದ ಪಶು ನಿಯಂತ್ರಣಾಧಿಕಾರಿಗಳಾದ ಮಾನ್ಯರೇ,

ಕಳೆದ ಮಂಗಳವಾರ ಬೆಳಿಗ್ಗೆ ತಮ್ಮ ಸಿಬ್ಬಂದಿ ಸರೋವರದ ದಂಡೆಗೆ ಬಂದು, ನಮ್ಮ ಹಾಗೆಯೇ ಉಗಾಲಿ ಮುದ್ದೆಯ ಪಾತ್ರೆ ಬಡಿದು, ಓಡಿ ಬಂದ ನಾಯಿಗಳಿಗೆಲ್ಲ ವಿಷದ ಮಾಂಸ ಹಾಕಿದರು. ಬೀದಿನಾಯಿಗಳ ಕಾಟ ತಪ್ಪಿತೆಂದು ಸಂಜೆ ರೇಡಿಯೋದಲ್ಲಿ ತಾವೇ ಸಾರಿದಿರಿ. ಅಭಿನಂದನೆಗಳು. ಸತ್ತವೆಲ್ಲ ನಾವು ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿದ್ದ ನಾಯಿಗಳು. ಚುಚ್ಚುಮದ್ದು ಕಾಣದವು ಪಾತ್ರೆಯ ಸದ್ದಿಗೆ ಬರುವುದಿಲ್ಲವಾದ್ದರಿಂದ, ತಮ್ಮ ಕೃಪೆಯಿಂದ ಊರೆಲ್ಲ ಸುಖವಾಗಿ ಓಡಾಡಿಕೊಂಡಿವೆ.

ಈ ಊರಿನಲ್ಲಿ ಆಶ್ರಯಗಳು ಮೂರು: ಗುಡ್ಡದ ಮೇಲೆ ಒದಿಂಡೊ ಅಣ್ಣನ ನಾಯಿಮನೆ, ಮಾರುಕಟ್ಟೆಯ ಹಿಂದೆ ನೆರೆಯಾ ಅಕ್ಕನ ಬೆಕ್ಕಿನಮನೆ, ಮೀನು ಹುರಿಯುವ ನನ್ನ ಅಂಗಡಿಯ ಹಿತ್ತಲಿನ ತಗಡಿನ ಚಪ್ಪರ. ವರ್ಷಗಟ್ಟಲೆ ನಮ್ಮೊಳಗೆ ಜಗಳವೇ ಜಗಳ. "ನಿನ್ನ ನಾಯಿ ನನ್ನ ಮರಿ ಕಚ್ಕೊಂಡು ಹೋಯ್ತು ಕಣಯ್ಯ" ಎಂದು ಅಕ್ಕ. "ನಿನ್ನ ಬೆಕ್ಕುಗಳೇನು ಉಪವಾಸ ಇದ್ವಾ? ನನ್ನ ಒಣಮೀನು ತಿಂದೋರು ಯಾರು, ಪಾದ್ರಿಗಳಾ?" ಎಂದು ಅಣ್ಣ.

ಬಲೆ ಹೆಣೆಯುವ ಒಕೆಲೊನ ಮಗಳು ಹುಚ್ಚುನಾಯಿ ಕಚ್ಚಿ ತೀರಿಕೊಂಡಳು. ಅವಳ ಮಣ್ಣಿಗೆ ಹೋದ ದಿನ ಮೂವರೂ ಒಂದೇ ಬೆಂಚಿನಲ್ಲಿ ಕೂತೆವು. ಜಗಳ ಅಲ್ಲಿಗೆ ಮುಗಿಯಿತು. ಅಣ್ಣನ ಗಾಡಿ, ಅಕ್ಕನಿಗೆ ಪರಿಚಯದ ಪಶುವೈದ್ಯರು, ನನ್ನ ಮೀನಿನ ತಲೆಗಳು. ಪಾತ್ರೆಯ ತಳದಲ್ಲಿ ಸೀದ ಉಗಾಲಿ ನಾಯಿಯ ಪಾಲೆಂಬುದು ನಮ್ಮ ಮನೆಗಳ ರೂಢಿ. ಅದನ್ನೇ ಹಿಡಿದು ದಿನಾ ಬೆಳಿಗ್ಗೆ ದಂಡೆಯಲ್ಲಿ ಪಾತ್ರೆ ಬಡಿದೆವು. ಮೊದಮೊದಲು ದೂರ ನಿಂತು ನೋಡಿದವು, ಆಮೇಲೆ ನಾಯಿ ಬೆಕ್ಕು ಅಕ್ಕಪಕ್ಕ ನಿಂತು ತಿಂದವು. ತಿಂದದ್ದಕ್ಕೆ ಒಂದು ಚುಚ್ಚುಮದ್ದು, ಕಿವಿಯ ತುದಿಗೊಂದು ಗುರುತು.

ಆ ಮಂಗಳವಾರ ಸದ್ದು ಕೇಳಿ, "ಒದಿಂಡೊ ಅಣ್ಣ ಇವತ್ತು ಬೇಗ ಎದ್ದವ್ನೆ!" ಎಂದು ನಕ್ಕೆ. ನನ್ನ ನಾಯಿ ನ್ಯಾದುಂಡೊ, ಅಂದರೆ ಗಿಡ್ಡಿ, ಬಾಲ ಕುಣಿಸುತ್ತ ಓಡಿತು. ನಾನು ತಲುಪುವಷ್ಟರಲ್ಲಿ ಅದು ಮರಳಿನ ಮೇಲೆ ಕಾಲು ಬಡಿಯುತ್ತಿತ್ತು. ಆಗಲೂ ಅದು ನೋಡುತ್ತಿದ್ದದ್ದು ಆ ಪಾತ್ರೆಯನ್ನೇ.

ಕೇಳಲು ಕಚೇರಿಗೆ ಬಂದರೆ ತಮ್ಮ ಗುಮಾಸ್ತರು, "ಕಿವಿ ಗುರುತು ಗಿರುತು ನಮಗೆ ಯಾರಮ್ಮ ಹೇಳಿದ್ರು?" ಎಂದರು.

"ನಿಮ್ಮ ಸಾಹೇಬ್ರೇ ಬಂದು ಈ ಚುಚ್ಚುಮದ್ದಿನ ಕೆಲಸ ಉದ್ಘಾಟನೆ ಮಾಡಿ, ಪಾತ್ರೆ ಬಡಿದು ಫೋಟೋ ತೆಗೆಸ್ಕೊಂಡು, ಸೋಡಾ ಕುಡಿದು ಹೋದ್ರಲ್ಲಪ್ಪ!" ಎಂದೆ.

ಸುಳ್ಳೇ, ಮಾನ್ಯರೇ? ನಾವು ಹೆಮ್ಮೆಯಿಂದ ತೋರಿಸಿದ ಕೆಲಸದಲ್ಲಿ ತಾವು ಕಲಿತದ್ದು ಇಷ್ಟೇ ಏನು? ನಿನ್ನೆ ಅಕ್ಕ ಪಾತ್ರೆ ಬಡಿದಳು. ನಾಲ್ಕಾರು ಬೆಕ್ಕು ಬಂದವು. ಬದುಕುಳಿದ ನಾಯಿಗಳು ಸದ್ದು ಕೇಳಿದೊಡನೆ ಬಾಲ ಮಡಚಿ ಓಡಿದವು. ಮುಂದಿನ ಚುಚ್ಚುಮದ್ದು ಯಾರಿಗೆ ಹಾಕಿಸಲಿ? ಒಕೆಲೊನ ಕಿರಿಮಗ ದಿನವೂ ಅದೇ ದಂಡೆಯಲ್ಲಿ ಆಡುತ್ತಾನೆ.

ವಿಷ ನಿಲ್ಲಿಸಿದ್ದೇವೆಂದು ಅದೇ ರೇಡಿಯೋದಲ್ಲಿ ಸಾರಿ. ಇನ್ನೊಂದು ಬೇಡಿಕೆಯಿದೆ. ಅತಿಥಿಗೆ ಕುಡಿಯಲು ಕೊಡುವಾಗ, ವಿಷವಿಲ್ಲವೆಂದು ತೋರಿಸಲು ಮನೆಯವರೇ ಮೊದಲ ಗುಟುಕು ಕುಡಿಯುವುದು ನಮ್ಮ ಹಿರಿಯರ ಪದ್ಧತಿ. ಹಾಗೆಯೇ ತಾವು ದಿನಾ ಬೆಳಿಗ್ಗೆ ದಂಡೆಗೆ ಬನ್ನಿ. ಪಾತ್ರೆ ನಾವು ಬಡಿಯುತ್ತೇವೆ. ಮರಳಿನ ಮೇಲೆ ಕೂತು, ದೂರದಲ್ಲಿ ನಿಂತ ನಾಯಿಗಳಿಗೆ ಕಾಣುವಂತೆ, ಮೊದಲ ತುತ್ತು ತಾವು ತಿನ್ನಿ. ಅವು ಹತ್ತಿರ ಬರುವವರೆಗೂ ತಿನ್ನುತ್ತಲೇ ಇರಿ.

ಇಂತಿ,
ಬರಿಯ ಮರಳಿಗೆ ಪಾತ್ರೆ ಬಡಿಯುತ್ತಿರುವ,
ಮೀನು ಹುರಿಯುವ ರೊಸೆಲಿದಾ ಅಕುಮು