ಅಪ್ಪನ ಬಂದೂಕು ಅಂಚೆಯಲ್ಲಿ ಹೊರಟಿತು

ಸೇಂಟ್ ಪಾಲ್, ಮಿನ್ನೆಸೋಟ
ಅಕ್ಟೋಬರ್ 14, ಮಂಗಳವಾರ ಸಂಜೆ

ಪ್ರೀತಿಯ ಅಮ್ಮಾ,

ಅಪ್ಪನ ಬಂದೂಕು ಹೊರಟುಬಿಟ್ಟಿತು, ಅಮ್ಮಾ! ಕದ್ದುಮುಚ್ಚಿ ಅಲ್ಲ, ಕಾನೂನಿನ ಪ್ರಕಾರವೇ, ರಸೀದಿ ಸಮೇತ. ಇವತ್ತು ಮಧ್ಯಾಹ್ನ ಅಂಚೆ ಕಚೇರಿಯವರು ರಸೀದಿ ಕೈಗೆ ಕೊಟ್ಟಾಗ ನಾನು ಅದಕ್ಕೊಂದು ಮುತ್ತು ಕೊಟ್ಟೆ. ಸಾಲಿನಲ್ಲಿ ನಿಂತವರೆಲ್ಲ ನೋಡಿದರು. ನೋಲನ್‌ನ ಕಿವಿ ಕೆಂಪಾಯಿತು. ನನ್ನ ಗಂಡ (ಈ ಮಾತು ಬರೆಯುವಾಗ ಇನ್ನೂ ನಗು ಬರುತ್ತದೆ) ನಾಚಿಕೊಂಡರೆ ಮೊದಲು ಕೆಂಪಾಗುವುದು ಕಿವಿಯೇ.

ಮೊದಲು ನಿನ್ನ ಆರೋಗ್ಯ ಕೇಳಬೇಕಿತ್ತು, ಈಗ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಮಂಡಿನೋವು ಹೇಗಿದೆ? ಡಾಕ್ಟರು ಕೊಟ್ಟ ಪಟ್ಟಿ ಕಟ್ಟಿಕೊಳ್ಳುತ್ತಿದ್ದೀಯೋ, ಅಥವಾ ಅದು ಇನ್ನೂ ಅಡುಗೆಮನೆಯ ಗೂಟಕ್ಕೇ ನೇತಾಡುತ್ತಿದೆಯೋ? ಕೆಂಪು ಹಸುವಿನ ಕಾಲು ವಾಸಿಯಾಯಿತೇ? ನಾವು ಚೆನ್ನಾಗಿದ್ದೇವೆ. ಎಷ್ಟು ಚೆನ್ನಾಗಿದ್ದೇವೆ ಎಂದರೆ ಬರೆಯಲು ಸಂಕೋಚವಾಗುತ್ತದೆ. ಮನೆ ಸಣ್ಣದು, ಮಂಚ ಇನ್ನೂ ಸಣ್ಣದು, ಕೆಳಗಿನ ಮನೆಯವರ ಮೀನು ಹುರಿಯುವ ವಾಸನೆ ನಮ್ಮ ಪರದೆಗಳಿಗೆಲ್ಲ ಹತ್ತಿದೆ, ಆದರೂ ನನಗೆ ದಿನವೂ ಹಬ್ಬ. ನೋಲನ್ ಅನ್ನ ಮಾಡುವುದನ್ನು ಕಲಿತಿದ್ದಾನೆ, ಅಮ್ಮಾ. ಎರಡು ಸಲ ತಳ ಹಿಡಿಯಿತು, ಮೂರನೆಯ ಸಲ ತಿನ್ನುವಂತಾಯಿತು.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಅರ್ಧ ಕೇಳುವ ಮೊದಲೇ "ಬೇಡ ಬಿಡು, ಸುಮ್ನೆ ಯಾಕೆ ತೊಂದ್ರೆ" ಎಂದು ಇಟ್ಟುಬಿಡುತ್ತೀಯ. ಹೋದ ತಿಂಗಳು ಹಾಗೇ ಮಾಡಿದೆ. "ಬಂದೂಕು ಬರದಿದ್ರೆ ಬರದಿರ್ಲಿ ಸಿಗ್ನೆ, ಈ ವರ್ಷ ಬೇಟೆ ಮೊದಲನೇ ದಿನ ನಾನು ಮನೇಲೇ ಇರ್ತೀನಿ" ಎಂದೆ. ನಾನು "ಸರಿ ಅಮ್ಮಾ" ಎಂದೆ. ಮಾರನೆಯ ದಿನವೇ ಗನ್‌ಹಿಲ್ಡ್ ಚಿಕ್ಕಮ್ಮನ ಫೋನು ಬಂತು. ಹಾರ್ಡ್‌ವೇರ್ ಅಂಗಡಿಯ ಕೌಂಟರಿನಲ್ಲಿ ಕುಳಿತವಳಿಗೆ ಊರಿನ ಯಾವ ಗುಟ್ಟು ತಾನೇ ಸಿಕ್ಕದು? "ನಿಮ್ಮಮ್ಮ ಇಲ್ಲಿಗೆ ಬಂದು ಜಿಂಕೆ ಬೇಟೆ ಪರವಾನಗಿ ಚೀಟಿ ಬರೆಸ್ಕೊಂಡು ಹೋದ್ಲು ಕಣೇ. ಇಪ್ಪತ್ತು ವರ್ಷ ಆದ್ಮೇಲೆ! ಯಾರಿಗೂ ಹೇಳ್ಬೇಡ ಅಂದಿದ್ದಾಳೆ, ಅದಕ್ಕೇ ನಿನಗೆ ಹೇಳ್ತಿದೀನಿ" ಎಂದಳು. ನಾನು ಫೋನು ಇಟ್ಟು ಸ್ನಾನದ ಮನೆಗೆ ಹೋಗಿ ಅತ್ತೆ, ಅಮ್ಮಾ. ಅಪ್ಪ ಹೋದ ಮೇಲಿನ ಮೊದಲ ಬೇಟೆಯ ದಿನ ನೀನು ಗುಡ್ಡ ಹತ್ತಬೇಕೆಂದು ಮನಸ್ಸು ಮಾಡಿದ್ದೀಯ, ಅದೂ ಅಪ್ಪನ ಬಂದೂಕಿನ ಜೊತೆಯೇ ಹತ್ತಬೇಕು, ಬೇರೆಯದನ್ನು ನೀನು ಮುಟ್ಟುವುದಿಲ್ಲ. ಆ ಬಂದೂಕೋ, ಅಪ್ಪ ನನ್ನ ಹೆಸರಿಗೆ ಬರೆದಿಟ್ಟದ್ದು, ಮದುವೆಯಾಗಿ ಬರುವಾಗ ನಾನು ಕಾರಿನಲ್ಲಿ ಹಾಕಿಕೊಂಡು ಬಂದು, ಒಂಬೈನೂರು ಮೈಲಿ ದೂರದ ಈ ಊರಿನ ಬೀರುವಿನಲ್ಲಿ ಬೀಗ ಹಾಕಿ ಇಟ್ಟದ್ದು. ಬೇಟೆ ಶುರುವಾಗುವ ಇಪ್ಪತ್ತೈದನೇ ತಾರೀಕಿನೊಳಗೆ ಅದು ನಮ್ಮೂರು ಮಾಲ್ಟಾ ತಲುಪದಿದ್ದರೆ ನೀನು ಆ ಚೀಟಿಯನ್ನು ಬೈಬಲ್ಲಿನೊಳಗಿಟ್ಟು ಇಡೀ ದಿನ ಒಲೆ ತಿಕ್ಕುತ್ತೀಯ. ನಿನ್ನನ್ನು ನಾನು ಬಲ್ಲೆ.

ಆ ಕಾರು ಸೆಪ್ಟೆಂಬರಿನಲ್ಲಿ ಪ್ರಾಣ ಬಿಟ್ಟದ್ದು ನಿನಗೆ ಗೊತ್ತೇ ಇದೆ. ರೈಲಿನಲ್ಲಿ ನನ್ನ ಜೊತೆಗೇ ತರೋಣವೆಂದರೆ, ಬಂದೂಕನ್ನು ಲಗೇಜಿನ ಡಬ್ಬಿಗೇ ಒಪ್ಪಿಸಬೇಕಂತೆ, ನಮ್ಮ ಮಾಲ್ಟಾದಲ್ಲಿ ಲಗೇಜು ಇಳಿಸಿಕೊಳ್ಳಲು ಒಂದು ನರಪಿಳ್ಳೆಯೂ ಇಲ್ಲ. ಖಾಸಗಿ ಕೊರಿಯರ್‌ನವರು ಲೈಸೆನ್ಸ್ ಇರುವ ವ್ಯಾಪಾರಿಗಳಿಂದ ಮಾತ್ರ ತೆಗೆದುಕೊಳ್ಳುತ್ತಾರೆ. ಸರಿ, ಇಲ್ಲಿನ ವ್ಯಾಪಾರಿಯಿಂದ ನಮ್ಮೂರ ವ್ಯಾಪಾರಿಗೆ ಕಳಿಸೋಣವೆಂದು ಕ್ನೂಟ್‌ಗೆ ಫೋನು ಮಾಡಿದರೆ, ಅವನು "ಬೇಟೆ ಶುರುವಾಗೋ ವಾರ ಅಂಗಡಿ ತೆಗೆಯೋಕೆ ನಂಗೇನು ಹುಚ್ಚಾ ಸಿಗ್ನೆ, ನಾನೂ ಬೇಟೆಗೆ ಹೋಗ್ತೀನಪ್ಪ" ಎಂದು ನಕ್ಕ. ಬಂದೂಕು ಮಾರುವವನೇ ಬಂದೂಕು ಬೇಕಾದ ವಾರ ಬೀಗ ಹಾಕುವ ಊರು ನಮ್ಮದು ಬಿಟ್ಟರೆ ಇನ್ನೊಂದಿಲ್ಲ!

ಉಳಿದದ್ದು ಸರ್ಕಾರಿ ಅಂಚೆ. ಪಿಸ್ತೂಲನ್ನು ಅವರು ನನ್ನಂಥವರಿಂದ ಮುಟ್ಟುವುದಿಲ್ಲ. ಉದ್ದನೆಯ ಬಂದೂಕನ್ನು ತೆಗೆದುಕೊಳ್ಳುತ್ತಾರೆ, ಆದರೆ ನಾನೀಗ ಮಿನ್ನೆಸೋಟದವಳು, ನೀನು ಮೊಂಟಾನದವಳು. ರಾಜ್ಯ ಬೇರೆ ಬೇರೆ, ಹಾಗಾಗಿ ನೇರವಾಗಿ ನಿನ್ನ ಹೆಸರಿಗೆ ಕಳಿಸುವಂತಿಲ್ಲ. ನಾನು ನನಗೇ ಕಳಿಸಿಕೊಳ್ಳಬಹುದು, ನಿನ್ನ ಜೋಪಾನಕ್ಕೆ ಒಪ್ಪಿಸಿ. ಅಂದರೆ ಪೆಟ್ಟಿಗೆಯ ಮೇಲೆ ಕಳಿಸುವವಳು ಸಿಗ್ನೆ, ಪಡೆಯುವವಳೂ ಸಿಗ್ನೆ, ಕೆಳಗೆ 'ಮಾರಿಟ್ ಹಾಗ್ಲಂಡ್ ಅವರ ಜೋಪಾನಕ್ಕೆ' ಎಂದು ನಿನ್ನ ಹೆಸರು. ನೋಲನ್ ಇದನ್ನು ಓದಿ, "ಮದ್ವೆಯಾಗಿ ಎರಡು ತಿಂಗಳಾಗಿಲ್ಲ, ತನಗೆ ತಾನೇ ಪಾರ್ಸೆಲ್ ಕಳಿಸ್ಕೋತಿದ್ದಾಳೆ. ನಾನೇ ತಲೆ ಕೆಡಿಸಿದೆ ಅಂತ ಅತ್ತೆ ನನ್ನ ಮೇಲೆ ಹಾಕ್ತಾರೆ" ಎಂದ.

ಪಾಪ, ಅವನು ಮಾಡಿದ ಕೆಲಸ ನೋಡಬೇಕಿತ್ತು. ಜನ್ಮದಲ್ಲಿ ಬಂದೂಕು ಮುಟ್ಟದವನು, ಆದರೆ ಪಿಟೀಲು, ಚೆಲ್ಲೊಗಳನ್ನು ರಿಪೇರಿ ಮಾಡಿ ಊರೂರಿಗೆ ಕಳಿಸುವವನಲ್ಲವೇ, ಮರದ ವಸ್ತು ಎಂದರೆ ಅವನಿಗೆ ಹಸುಗೂಸು. ಅಪ್ಪನ ಬಂದೂಕಿನ ವಾಲ್‌ನಟ್ ಹಿಡಿಯನ್ನು ಬೆರಳಿನಿಂದ ಸವರಿ ಸವರಿ, "ಇಷ್ಟು ಚೆನ್ನಾಗಿರೋ ಮರ ನಮ್ಮ ಅಂಗಡೀಲೇ ಇಲ್ಲ" ಎಂದ. ಅಪ್ಪ ಈ ಮಾತನ್ನು ಕೇಳಿದ್ದರೆ ಅಳಿಯನ ಉಳಿದೆಲ್ಲ ತಪ್ಪುಗಳನ್ನೂ ಮಾಫಿ ಮಾಡುತ್ತಿದ್ದರು. ನಾನು ಮೂರು ಸಲ ತೆರೆದು ನೋಡಿ ಖಾಲಿ ಇದೆಯೆಂದು ಖಾತ್ರಿ ಮಾಡಿಕೊಂಡೆ. ಗುಂಡನ್ನು ಒಳಗೆ ತಳ್ಳುವ ಬೋಲ್ಟ್ ಬಿಚ್ಚಿ ಅವನ ಉಣ್ಣೆಯ ಕಾಲುಚೀಲದಲ್ಲಿ ಸುತ್ತಿದೆವು. ಬಂದೂಕಿನ ಜೊತೆ ನಾನು ತಂದಿಟ್ಟುಕೊಂಡಿದ್ದ ಅಪ್ಪನ ಕಿತ್ತಳೆ ಬಣ್ಣದ ಬೇಟೆ ಜಾಕೆಟ್ಟೂ ಹೇಗೂ ಊರಿಗೆ ಬರಬೇಕಿತ್ತಲ್ಲ, ಅದನ್ನೇ ಮೆತ್ತೆಯಾಗಿ ಸುತ್ತಿ ಒಳಗಿಟ್ಟೆವು. "ಜೇಬು ನೋಡಿದ್ಯಾ?" ಎಂದು ನೋಲನ್ ಕೇಳಿದ. ನಾನು "ಹೂಂ" ಎಂದೆ. ಅಮ್ಮಾ, ನಾನು ನೋಡಿರಲಿಲ್ಲ. ಒಂದು ಕೈಯಲ್ಲಿ ಟೇಪು, ಇನ್ನೊಂದು ಕೈಯಲ್ಲಿ ಕಾಫಿ ಇತ್ತು, "ಹೂಂ" ಎಂಬುದು ತಾನಾಗಿ ಬಾಯಿಗೆ ಬಂತು.

ಅಂಗಡಿಯ ವ್ಯಾನಿನಲ್ಲಿ ಪೆಟ್ಟಿಗೆ ಹಾಕಿಕೊಂಡು ಅಂಚೆ ಕಚೇರಿಗೆ ಹೋದೆವು. ಅಲ್ಲಿ ಕೌಂಟರಿನಲ್ಲಿದ್ದವರು ಪಾ ನೂ ವಾಂಗ್ ಎಂಬ, ಲಾವೋಸ್ ಕಡೆಯ ಹ್ಮೊಂಗ್ ಜನಾಂಗದ ಹೆಂಗಸು, ನಿನ್ನದೇ ವಯಸ್ಸು, ಕನ್ನಡಕ ಮೂಗಿನ ತುದಿಯಲ್ಲಿ. ಪೆಟ್ಟಿಗೆಯನ್ನು ನೋಡಿದವರೇ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ನೋಲನ್‌ನ ಅಂಗಡಿಯಲ್ಲಿ ಒಂದು ರೂಢಿಯಿದೆ: ಕಳಿಸುವ ಪ್ರತಿ ಪೆಟ್ಟಿಗೆಯ ನಾಲ್ಕೂ ಮಗ್ಗುಲಿಗೆ ಒಳಗೇನಿದೆ ಎಂದು ಕೆಂಪು ಮಸಿಯಲ್ಲಿ ಬರೆಯಬೇಕು, ಎತ್ತುವವರು ನಾಜೂಕಾಗಿ ಎತ್ತಲಿ ಎಂದು. ನಾನು ಚಪ್ಪಲಿ ಹುಡುಕುತ್ತಿದ್ದಾಗ ನನ್ನ ಪ್ರಾಮಾಣಿಕ ಗಂಡ ನಾಲ್ಕೂ ಕಡೆ ಗೇಣುದ್ದದ ಅಕ್ಷರದಲ್ಲಿ ಬರೆದುಬಿಟ್ಟಿದ್ದ: 'ಬಂದೂಕು. ಹಳೆಯದು. ದಯವಿಟ್ಟು ಜೋಪಾನ.'

"ಅಯ್ಯೋ ಮಹರಾಯ," ಎಂದರು ವಾಂಗ್, "ಕದಿಯೋರಿಗೆ ಕಷ್ಟ ಆಗ್ಬಾರ್ದು ಅಂತ ಬರೆದಿದ್ದೀರಾ? ಒಳಗೇನಿದೆ ಅಂತ ಹೊರಗೆ ಒಂದಕ್ಷರ ಕಾಣ್ಬಾರ್ದು. ಇದನ್ನ ನಾನು ತಗೊಳ್ಳಲ್ಲ. ಬೇರೆ ಪೆಟ್ಟಿಗೆಗೆ ಹಾಕ್ಕೊಂಡು ಬನ್ನಿ." ಹಿಂದಿದ್ದ ಅಜ್ಜನೊಬ್ಬ "ಹೆಂಡತಿ ಹೆಸರೂ ಹಣೆ ಮೇಲೆ ಬರ್ಕೋ ತಮ್ಮಾ" ಎಂದ. ನನಗೆ ಎಷ್ಟು ಸಿಟ್ಟು ಬಂತೆಂದರೆ, ವ್ಯಾನಿನವರೆಗೂ ನೋಲನ್‌ಗೆ ಬೈಯುತ್ತಲೇ ಬಂದೆ. ನಾವು ಗಂಡ ಹೆಂಡತಿ ಜಗಳವಾಡಿದ್ದು ಅದೇ ಮೊದಲು, ತಾರೀಕು ಬರೆದಿಟ್ಟುಕೋ. ಅವನು ವ್ಯಾನಿನಲ್ಲಿದ್ದ ಇನ್ನೊಂದು ಉದ್ದ ಪೆಟ್ಟಿಗೆ ಬಿಡಿಸಿ, ಟೇಪು ಕತ್ತರಿಸಿ, ಅಪ್ಪನ ಜಾಕೆಟ್ಟನ್ನು ಎತ್ತಿದ.

ಅದರಿಂದ ಏನೋ ಉರುಳಿ ವ್ಯಾನಿನ ತಗಡಿನ ಮೇಲೆ ಟಣ್ ಎಂದಿತು. ಇನ್ನೊಮ್ಮೆ ಟಣ್. ಎರಡು ತೋಟಾ, ಅಮ್ಮಾ! ಜೀವಂತ ತೋಟಾಗಳು, ಅಪ್ಪನ ಎದೆ ಜೇಬಿನಲ್ಲಿ, ಒಂದು ಪೆಪ್ಪರ್‌ಮಿಂಟಿನ ಕಾಗದದ ಜೊತೆ.

ತೋಟಾವನ್ನು ಅಂಚೆಗೆ ಹಾಕುವುದು ಬರೀ ತಪ್ಪಲ್ಲ, ಅಪರಾಧ. ನಾನೇ ಸಹಿ ಮಾಡಿ, ನನ್ನದೇ ಹೆಸರಿಗೆ ಕಳಿಸಿಕೊಳ್ಳುತ್ತಿದ್ದೆ. ಸಿಕ್ಕಿಬಿದ್ದಿದ್ದರೆ ಅಪ್ಪನ ಬಂದೂಕು ಯಾವುದೋ ಸರ್ಕಾರಿ ಕೋಣೆಯಲ್ಲಿ ತುಕ್ಕು ಹಿಡಿಯುತ್ತಿತ್ತು, ನಿನ್ನ ಮಗಳು ವಕೀಲರ ಮನೆಗೆ ಅಲೆಯುತ್ತಿದ್ದಳು, ನೀನು ಒಲೆ ತಿಕ್ಕುತ್ತಿದ್ದೆ. ಆ ಕೆಂಪು ಅಕ್ಷರಗಳಿಂದ ಉಳಿದುಕೊಂಡೆವು! ನಾನು ಅಲ್ಲೇ, ಪಾರ್ಕಿಂಗಿನಲ್ಲಿ, ಐದು ನಿಮಿಷದ ಹಿಂದೆ ಬೈದ ಬಾಯಿಂದಲೇ ಅವನ ಎರಡೂ ಕಿವಿಗೆ ಮುತ್ತು ಕೊಟ್ಟೆ. ಅವನು ಮಾತ್ರ "ಜೇಬು ನೋಡಿದ್ಯಾ ಅಂದೆ, ಹೂಂ ಅಂದ್ಯಲ್ಲ" ಎಂದು ದಿನವಿಡೀ ಹೇಳುತ್ತಿದ್ದಾನೆ. ಐವತ್ತು ವರ್ಷ ಹೇಳಲಿ.

ಜಾಕೆಟ್ಟಿನ ಎಲ್ಲ ಜೇಬುಗಳನ್ನೂ ಒಳಹೊರಗು ಮಾಡಿ ಜಾಡಿಸಿದೆವು. ತೋಟಾಗಳನ್ನು ವ್ಯಾನಿನ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟೆವು. ಹೊಸ ಪೆಟ್ಟಿಗೆ ಹೊತ್ತು ಮತ್ತೆ ಸಾಲಿನಲ್ಲಿ ನಿಂತೆವು. ವಾಂಗ್ ಕೇಳಿದರು, "ಖಾಲಿ ತಾನೆ? ಒಳಗೆ ತೋಟಾ ಗೀಟಾ ಏನೂ ಇಲ್ಲ ತಾನೆ?" ನಾನು "ಇಲ್ಲ" ಎಂದೆ. ಜೀವನದಲ್ಲಿ ಅಷ್ಟು ಗಟ್ಟಿಯಾಗಿ, ಅಷ್ಟು ಸತ್ಯವಾಗಿ ಯಾವ ಮಾತನ್ನೂ ಹೇಳಿಲ್ಲ, ಚರ್ಚಿನಲ್ಲಿ ನೋಲನ್‌ಗೆ ಹೇಳಿದ ಮಾತೊಂದನ್ನು ಬಿಟ್ಟು. ಯಾರಿಗೆ ಇದು ಎಂದು ಅವರು ಕೇಳಿದಾಗ ನಿನ್ನ ವಿಷಯವೆಲ್ಲ ಹೇಳಿಬಿಟ್ಟೆ, ಗೊತ್ತಲ್ಲ ನನ್ನ ಬಾಯಿ. ಅವರು ಚೀಟಿ ಅಂಟಿಸುತ್ತಾ, "ನಮ್ಮಪ್ಪ ಹೋದ ವರ್ಷ ನಮ್ಮಮ್ಮನೂ ಅಳಿಲು ಬೇಟೆಗೆ ಹೊರಟಿದ್ಲು. ಒಂದೂ ಸಿಗ್ಲಿಲ್ಲ. ಆದ್ರೆ ಆವತ್ತು ರಾತ್ರಿ ಹೊಟ್ಟೆತುಂಬಾ ಊಟ ಮಾಡಿದ್ಲು" ಎಂದರು. ಪೆಟ್ಟಿಗೆಯನ್ನು ತಾವೇ ಒಳಗೆ ಹೊತ್ತುಕೊಂಡು ಹೋದರು, ಗಾಡಿಯ ಮೇಲೆ ಹಾಕಲಿಲ್ಲ.

ಅಮ್ಮಾ, ಒಂದು ಮಾತು. ಅಪ್ಪ ಪ್ರತಿ ವರ್ಷ ಮೇಜಿನ ಮೇಲೆ ಐದೇ ತೋಟಾ ಜೋಡಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದರಲ್ಲ? ಹೋದ ನವೆಂಬರಿನ ಆ ದೊಡ್ಡ ಜಿಂಕೆಯನ್ನು ಒಂದೇ ಗುಂಡಿಗೆ ಉರುಳಿಸಿದೆ ಎಂದು ಊರಿಗೆಲ್ಲ ಹೇಳಿದ್ದರಲ್ಲ? ಮಾರ್ಚಿನಲ್ಲಿ ಪಾದ್ರಿಗಳು ಅದನ್ನು ಸಮಾಧಿಯ ಮುಂದೆಯೂ ಹೇಳಿ ಎಲ್ಲರನ್ನೂ ಅಳಿಸಿದರು. ಐದರಲ್ಲಿ ಎರಡು ಉಳಿದಿವೆ! ಉಳಿದ ಲೆಕ್ಕ ನೀನೇ ಮಾಡು. ನಿನಗೆ ಗೊತ್ತಿತ್ತಾ? ಗೊತ್ತಿದ್ದೂ ಇಷ್ಟು ದಿನ ಸುಮ್ಮನಿದ್ದೆಯಾ? ನಾನು ಇವತ್ತು ನಕ್ಕಷ್ಟು ಮಾರ್ಚಿನಿಂದ ನಕ್ಕಿರಲಿಲ್ಲ.

ಗನ್‌ಹಿಲ್ಡ್ ಚಿಕ್ಕಮ್ಮನಿಗೆ ನಮಸ್ಕಾರ ಹೇಳು, ಬೈಯಬೇಡ. ಕೆಂಪು ಹಸುವಿನ ಕುತ್ತಿಗೆ ಕೆರೆ. ಇದು ಸಂಗೀತ ಕಛೇರಿಗಳ ಕಾಲ, ಅಂಗಡಿಯಲ್ಲಿ ರಿಪೇರಿ ಜಾಸ್ತಿ, ನೋಲನ್‌ಗೆ ರಜೆಯಿಲ್ಲ, ಅವನ ಪ್ರೀತಿಯನ್ನೂ ನಾನೇ ಹೊತ್ತು ತರುತ್ತೇನೆ.

ನಿನ್ನ ಮಾತು ನಿಲ್ಲದ ಮಗಳು,
ಸಿಗ್ನೆ

ತಾ.ಕ: ಅಂಚೆಯ ಡಬ್ಬಿ ತೆಗೆಯುವ ಹೊತ್ತಾಯಿತು, ಓಡಬೇಕು. ಪೆಟ್ಟಿಗೆ ಶುಕ್ರವಾರವೋ ಶನಿವಾರವೋ ಬರುತ್ತದೆ. ಸಹಿ ಮಾಡಿ ತೆಗೆದುಕೋ, ಆದರೆ ಬಿಚ್ಚಬೇಡ! ಅದನ್ನು ಬಿಚ್ಚುವ ಹಕ್ಕು ಕಾನೂನಿನಲ್ಲಿ ನನಗೊಬ್ಬಳಿಗೇ. ನನ್ನ ಕ್ರಿಸ್ಮಸ್ ಪೊಟ್ಟಣಗಳನ್ನೆಲ್ಲ ಮೂಲೆ ಹರಿದು ನೋಡುತ್ತಿದ್ದವಳು ನೀನು, ಅದಕ್ಕೇ ಅಡಿಗೆರೆ ಎಳೆದು ಬರೆಯುತ್ತಿದ್ದೇನೆ. ಬೇರೆ ರಾಜ್ಯದವಳಾದ ನನಗೆ ಈ ವರ್ಷ ಬೇಟೆ ಚೀಟಿಯೂ ಇಲ್ಲ. ಆದ್ದರಿಂದ ಇಪ್ಪತ್ತೈದರ ಶನಿವಾರ ಬೆಳಿಗ್ಗೆ ಬಂದೂಕೂ ಅಪ್ಪನ ಜಾಕೆಟ್ಟೂ ನಿನಗೆ. ಇಷ್ಟು ವರ್ಷ ನೀನು ನಮ್ಮನ್ನು ಗುಡ್ಡದ ಬುಡಕ್ಕೆ ಬಿಟ್ಟು ಟ್ರಕ್ಕಿನಲ್ಲಿ ಕಾಯುತ್ತಿದ್ದೆ, ಈ ಸಲ ಸ್ಟೇರಿಂಗು ಹಿಡಿಯುವುದು ನಾನು, ಇಳಿದು ನಡೆಯುವುದು ನೀನು. ಬೇಡ ಅನ್ನಬೇಡ. ಹೊಸ ತೋಟಾ ಕೊಂಡಿಡು, ಎಷ್ಟು ಬೇಕಾದರೂ, ಯಾರಿಗೂ ಹೇಳುವುದಿಲ್ಲ. ಗುರುವಾರ, ಅಕ್ಟೋಬರ್ ಇಪ್ಪತ್ತಮೂರು, ಮಧ್ಯಾಹ್ನ, ಪಶ್ಚಿಮಕ್ಕೆ ಹೋಗುವ ಏಳನೇ ನಂಬರಿನ ಎಂಪೈರ್ ಬಿಲ್ಡರ್ ರೈಲಿನಿಂದ ಮಾಲ್ಟಾದಲ್ಲಿ ಇಳಿಯುತ್ತೇನೆ.