ಸೈಕಲ್ಲಿಗೊಂದು ಬಿಲ್ಲೆ

ಪಂಚಾಯತ್ ಅಭಿವೃದ್ಧಿ ಅಧಿಕಾರಿಗಳಿಗೆ ಫರಂಗಿಪೇಟೆಯ ಮೂಸಾ ಮಾಡುವ ವಿನಂತಿ.

ಮಾನ್ಯರೇ,

ದಯವಿಟ್ಟು ನನ್ನ ಸೈಕಲ್ಲಿಗೆ ತೆರಿಗೆ ಹಾಕಬೇಕು. ಹಿಂದೆ ಸೈಕಲ್ಲಿಗೂ ತೆರಿಗೆ ಇತ್ತು, ಕಟ್ಟಿದವರಿಗೆ ನಂಬರ್ ಇರುವ ಹಿತ್ತಾಳೆಯ ಬಿಲ್ಲೆ ಕೊಡುತ್ತಿದ್ದರು ಎಂದು ನನ್ನ ಉಮ್ಮ ಹೇಳುತ್ತಾರೆ. ಈಗಲೂ ಸಿಗುವುದಾದರೆ ನನಗೊಂದು ಬೇಕು.

ಕಳೆದ ತಿಂಗಳು ಹೆದ್ದಾರಿಯಲ್ಲಿ ಒಂದು ಕಾರು ನಮಗೆ ತಾಗಿತು. ಇಳಿದು ಬಂದವರು, "ಟ್ಯಾಕ್ಸ್ ಇಲ್ಲ, ಇನ್ಶೂರೆನ್ಸ್ ಇಲ್ಲ, ನಿಮಗೆ ಈ ರೋಡಲ್ಲಿ ಎಂತ ಕೆಲಸ? ಬದಿಯಲ್ಲಿ ಹೋಗಿ ಮಾರಾಯ್ರೆ" ಅಂದರು. "ಬದಿಯಲ್ಲಿ ಚರಂಡಿ ಉಂಟು" ಎಂದು ನಾನು ಹೇಳಿದ್ದು ಅವರಿಗೆ ಕೇಳಿಸಲಿಲ್ಲ. ಇನ್ಶೂರೆನ್ಸ್ ಮಾಡಿಸಲು ಬಂಟ್ವಾಳಕ್ಕೆ ಹೋದರೆ ಅಲ್ಲಿ ಗಾಡಿಯ ನಂಬರ್ ಕೇಳಿದರು. ಹಾಗಾಗಿ ಬಿಲ್ಲೆ ಬೇಗ ಆಗಬೇಕು.

ಅಂದು ಕ್ಯಾರಿಯರಿನಲ್ಲಿ ಮಗಳು ಜಸೀಲಾ ಕೂತಿದ್ದಳು. ಬರುವ ಸೋಮವಾರ ಅವಳ ಕಾಲಿನ ಪ್ಲಾಸ್ಟರ್ ತೆಗೆಯುತ್ತಾರೆ. ಇನ್ನು ಸೈಕಲ್ ಹತ್ತುವುದಿಲ್ಲ, ಶಾಲೆಗೆ ನಡೆದೇ ಹೋಗುತ್ತೇನೆ ಅನ್ನುತ್ತಾಳೆ. ಶಾಲೆಗೆ ಇರುವುದು ಅದೇ ದಾರಿ. ನಡೆಯುವವರಿಗೂ ತೆರಿಗೆ ಉಂಟೆಂದಾದರೆ ಅವಳದ್ದನ್ನೂ ನಾನೇ ಕಟ್ಟುತ್ತೇನೆ. ನನ್ನ ಬಿಲ್ಲೆಯನ್ನು ಹ್ಯಾಂಡಲಿಗೆ ಕಟ್ಟಬಹುದು. ಅವಳದ್ದನ್ನು ಕಾರಿನವರಿಗೆ ಕಾಣುವ ಹಾಗೆ ಎಲ್ಲಿ ಕಟ್ಟಬೇಕೆಂದು ತಿಳಿಸಬೇಕು.

ನಿಮ್ಮ ಉತ್ತರ ಬರುವವರೆಗೆ ಅವಳನ್ನು ಮನೆಯಲ್ಲೇ ಇರಿಸಿಕೊಂಡು ಕಾಯುವ,
ಮೂಸಾ